ಹನ್ನೊಂದನೆಯವ

ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಕರೆಂಟು ಹೋದರೆ
ಹದಿನಾಲ್ಕು ಮಿಷನ್ನು ಬಾಯಿ ಮುಚ್ಚುತ್ತವೆ,
ನಾವು ತೆರೆಯುತ್ತೇವೆ.

ಕೋಟೆ ಕೆಳಗಿನ ಬಯಲಲ್ಲಿ ಇದುವರೆಗೆ ಆಡಿದವರಲ್ಲಿ
ಎಲ್ಲ ಕಾಲಕ್ಕೂ ಸಲ್ಲುವ ಹನ್ನೊಂದು ಜನ ಯಾರು?
ಕತ್ತರಿಸಲು ಹಾಸಿದ ನೀಲಿ ಬಟ್ಟೆಯ ಮೇಲೆ
ಮಾಬುನ್ನಿ ಸೀಮೆಸುಣ್ಣದಲ್ಲಿ ಬರೆಯುತ್ತಾನೆ.

ಓಪನಿಂಗಿಗೆ ಸುಂಕಣ್ಣ. ತಕರಾರಿಲ್ಲ.
ಎರಡನೆಯವನಿಗೇ ಶುರು:
"ಓಬಳೇಶಿಯಾ? ಬಳ್ಳಾರಿಯವರೆದುರು ಸೊನ್ನೆ!"
"ಆವತ್ತು ಜ್ವರ ಇತ್ತಲೇ."
"ಸ್ಕೋರ್ ಬುಕ್ಕಿನಲ್ಲಿ ಜ್ವರದ ಕಾಲಮ್ಮಿಲ್ಲ."
ಬೈಗುಳ ತೆಲುಗಿನಲ್ಲಿ, ಲೆಕ್ಕ ಕನ್ನಡದಲ್ಲಿ.
ಸತ್ತವರು ಸಲೀಸಾಗಿ ತಂಡ ಸೇರುತ್ತಾರೆ,
ಬದುಕಿದ್ದವರಿಗೆ ಎರಡೆರಡು ಸಾಕ್ಷಿ ಬೇಕು.

ಹತ್ತಾಯಿತು.
ಮೂಲೆಯಲ್ಲಿ ಗುಂಡಿ ಹಚ್ಚುವ ತಿಪ್ಪೇರುದ್ರ
ತಲೆ ಎತ್ತಲಿಲ್ಲ.
ಆಡಿದ್ದು ಒಂದೇ ಮ್ಯಾಚು, ಬಿಟ್ಟದ್ದು ಒಂದು ಕ್ಯಾಚು.
ಆದರೆ ಆ ಹತ್ತೂ ಜನ ಕಟ್ಟಿದ ಪ್ಯಾಡು
ಚಿಂದಿ ಜೀನ್ಸಿನಿಂದ ಅವನು ಹೊಲಿದದ್ದು.
ಯಾರೂ ಹೇಳಲಿಲ್ಲ. ನಾನೂ.

ಕರೆಂಟು ಬಂತು. ಕತ್ತರಿ ಇಳಿಯಿತು.
ಸುಂಕಣ್ಣ ಎಡಗಾಲಿಗೆ ಹೋದ, ಓಬಳೇಶಿ ಹಿಂಜೇಬಿಗೆ.
'೧೧' ಎಂದಷ್ಟೇ ಇದ್ದ ಸೊಂಟಪಟ್ಟಿ
ನನ್ನ ಮಿಷನ್ನಿಗೆ ಬಂತು.
ಅಂಕಿ ಒಳಗಾಗುವಂತೆ ಮಡಿಚಿ ಹೊಲಿದೆ.

ಗುಂಡಿಗೆಂದು
ಅವನ ಕಡೆ ಸರಿಸಿದೆ.