ಲೂಪ್ ನಲವತ್ತೊಂದು

ಅಂಧೇರಿ ಸ್ಟೇಶನ್ನಿನಿಂದ ಹತ್ತು ನಿಮಿಷ,
ಟೈರು ಅಂಗಡಿಯ ಮೇಲಿನ ಮಹಡಿ.
ಮೊಟ್ಟೆ ಟ್ರೇಯಂಥ ಸ್ಪಂಜು ಗೋಡೆಗೆ ಮೆತ್ತಿದ ಕೋಣೆ.
ಚಪ್ಪಲಿ ಹೊರಗೆ, ರಿಕ್ಷಾ ಹೊರಗೆ, ಊರೆಲ್ಲ ಹೊರಗೆ.
ಇಲ್ಲಿ ನನ್ನ ಕೆಲಸ ತುಟಿ ಓದುವುದು.
ಇಪ್ಪತ್ತೆರಡು ವರ್ಷದಿಂದ ಮರಾಠಿ ಬಾಯಿಗಳಿಗೆ
ಅಳತೆ ಹಿಡಿದು ಕನ್ನಡ ಹೊಲಿಯುತ್ತಿದ್ದೇನೆ,
ದರ್ಜಿಯ ಹಾಗೆ. ಸಂಪಾದನೆಯೂ ದರ್ಜಿಯದೇ.

ಈ ಸಲದ ಚಿತ್ರದಲ್ಲಿ ಒಬ್ಬ ಹುಡುಗ.
ಅಪ್ಪ ಸತ್ತದ್ದರ ಮಾತು ಯಾರಲ್ಲೂ ಎತ್ತುವುದಿಲ್ಲ.
ಬೆಳಿಗ್ಗೆ ಎದ್ದು ಅಪ್ಪನ ಸೈಕಲ್ಲಿಗೆ ಗಾಳಿ ಹೊಡೆಯುತ್ತಾನೆ.
ರಾತ್ರಿ ಇಳಿಯುತ್ತದೆ. ಬೆಳಿಗ್ಗೆ ಮತ್ತೆ ಹೊಡೆಯುತ್ತಾನೆ.
ಅಷ್ಟೇ ಕಥೆ. ಅರ್ಧ ಸಿನಿಮಾ ಮಾತೇ ಇಲ್ಲ,
ನನಗೆ ಸುಲಭ.
ನಲವತ್ತೊಂದನೇ ಲೂಪಿನಲ್ಲಿ ಮಾತ್ರ
ಟ್ಯೂಬು ಒಡೆದು, ಪಂಪು ಬಿಸಾಕಿ, ಕೂಗುತ್ತಾನೆ:
ಬಾಬಾ.

ಅವನ ದನಿಗೆ ಬಂದವಳು ಧೃತಿ ಸಾಲ್ಯಾನ್,
ಡೊಂಬಿವಲಿ, ಐದನೇ ಇಯತ್ತೆ.
ಹುಡುಗರ ದನಿಗೆ ಹುಡುಗಿಯರೇ ಆಗಬೇಕು, ಒಡೆಯುವ ಭಯವಿಲ್ಲ.
ಕನ್ನಡ ಅವಳ ಬಾಯಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ;
ಮಾತೆಲ್ಲ ನಾಗರಿಯಲ್ಲಿ ಬರೆದುಕೊಟ್ಟಿದ್ದೆ.
ಕರೆತಂದ ಸೋದರಮಾವ ಮೆಟ್ಟಿಲಲ್ಲಿ ನನ್ನನ್ನು ತಡೆದ:
"ಭಾವ ಘಾಟ್ಕೋಪರಿನ ಕ್ಯಾಂಟೀನಿನಲ್ಲಿ ಗಲ್ಲಾದಲ್ಲಿದ್ದರು.
ಆಟಿ ತಿಂಗಳಲ್ಲಿ ಹೋದರು. ಬೇಡ ಅಂದೆವು,
ಇವಳದೇ ಹಟ. ಸ್ವಲ್ಪ ನೋಡಿಕೊಳ್ಳಿ."
ಏನು ನೋಡಿಕೊಳ್ಳುವುದು? ನೀರಿನ ಬಾಟಲಿ ಕೊಟ್ಟೆ.

ಗಾಜಿನಾಚೆ ಅವಳು, ತಲೆಗಿಂತ ದೊಡ್ಡ ಹೆಡ್‌ಫೋನು.
ಟೇಕ್ ಒಂದು: ಅಪ್ಪಾ.
ಕನ್ಸೋಲಿನ ಮುಂದೆ ಫಿರ್ದೋಸ್ ತಲೆ ಅಲ್ಲಾಡಿಸಿದ,
ಲಿಪ್ ನಹೀಂ ಬೈಠ್ ರಹಾ.

ನಿಜ. ಪ ಫ ಬ ಭ ಮ,
ತುಟಿ ಸೇರದೆ ಇವು ಹುಟ್ಟುವುದಿಲ್ಲವೆಂದು
ಒಂದನೇ ಕ್ಲಾಸಿನ ಮೇಷ್ಟ್ರು ಬಾಯಿಗೆ ಬೆರಳಿಟ್ಟು ತೋರಿಸಿದ್ದರು.
ಬಾಬಾ ಮುಚ್ಚಿದ ಬಾಯಿಂದ ಹೊರಡುತ್ತದೆ,
ಎರಡು ಸಲ ಸೇರಿ ಎರಡು ಸಲ ಬಿಡುತ್ತದೆ.
ನಮ್ಮ ಅಪ್ಪನಿಗೆ ಬಾಯಿ ಮೊದಲೇ ತೆರೆದಿರಬೇಕು.
ಪರದೆಯ ಹುಡುಗ ಕೂಗಿ ಮುಗಿಸುವಾಗ
ನಮ್ಮದಿನ್ನೂ ಒತ್ತಕ್ಷರದಲ್ಲಿ ಸಿಕ್ಕಿಕೊಂಡಿರುತ್ತದೆ.

ಅಪ್ಪಾಜಿ ಎಂದೆವು, ಉದ್ದವಾಯಿತು.
ಅಯ್ಯಾ ಎಂದರೆ ತುಟಿ ಕೂಡುವುದೇ ಇಲ್ಲ.
ತಂದೇ ಎಂದು ಯಾವ ಮಗು ಕೂಗೀತು, ಪ್ರಾರ್ಥನೆಯಲ್ಲಿ ಬಿಟ್ಟು?
ಬಾಬಾ ಅಂತಲೇ ಇಟ್ಟುಬಿಡಿ ಎಂದ ಫಿರ್ದೋಸ್.
ಅವಳು ಒಪ್ಪಲಿಲ್ಲ.
"ಅದು ಅವನದು."

ಹದಿಮೂರು ಟೇಕು. ಒಮ್ಮೆಯೂ ಅಳಲಿಲ್ಲ.
ಪಂಪು ಒತ್ತುವ ಉಸಿರು ಮಾತ್ರ, ನಾನು ಹಾಳೆಯಲ್ಲಿ ಬರೆಯದ್ದು,
ಅದನ್ನು ಹೇಗೆ ಕೊಟ್ಟಳೆಂದರೆ
ಫಿರ್ದೋಸ್ ಫೇಡರಿನಿಂದ ಕೈ ತೆಗೆದುಬಿಟ್ಟ.

ಚಹಾ ಬಂತು. ಮೈಕು ಮುಚ್ಚಿತು, ಕೆಂಪು ದೀಪ ಆರಿತು.
ಪರದೆಯಲ್ಲಿ ಹುಡುಗ
ಬಾಯಿ ತೆರೆಯುವ ಮುಂಚಿನ ಫ್ರೇಮಿನಲ್ಲಿ ನಿಂತಿದ್ದ.
ಅವಳು ಕಂಪಾಸ್ ಪೆಟ್ಟಿಗೆಯಿಂದ ಏನೋ ತೆಗೆದಳು.
ರೈಲ್ವೆ ಪಾಸು, ಡೊಂಬಿವಲಿಯಿಂದ ಘಾಟ್ಕೋಪರ್, ಸೆಕೆಂಡ್ ಕ್ಲಾಸು.
(ಹೋದ ದಿನ ಅದರಲ್ಲಿ ಇನ್ನೂ ಹನ್ನೊಂದು ದಿನ
ಬಾಕಿಯಿತ್ತೆಂದು ಮಾವ ಆಮೇಲೆ ಹೇಳಿದ.)
ಪ್ಲಾಸ್ಟಿಕ್ಕನ್ನು ಫ್ರಾಕಿಗೆ ಒರೆಸಿ
ಅದಕ್ಕೆ, ಪರದೆಗಲ್ಲ, ಏನೋ ಅಂದಳು.
ದನಿ ನನ್ನ ತನಕ ಬರಲಿಲ್ಲ. ತುಟಿ ಬಂತು.
ಮುಚ್ಚಿ ಬಿಟ್ಟಿತು. ಮತ್ತೆ ಮುಚ್ಚಿ ಬಿಟ್ಟಿತು.

ಪಪ್ಪ.

ಹೋಟೆಲುಗಳ ಹಿಂದಿನ ಖೋಲಿಗಳಲ್ಲಿ ಬೆಳೆದ
ನಮ್ಮ ಕಡೆಯ ಮಕ್ಕಳೆಲ್ಲ ಹಾಗೇ ಕರೆಯುವುದು. ನನ್ನ ಮಗನೂ.
ನನಗೇ ಹೊಳೆದಿರಲಿಲ್ಲ.
ಅಳತೆಗೆ ಸರಿಯಾಗಿತ್ತು, ಒಂದು ಫ್ರೇಮು ಹೆಚ್ಚಿಲ್ಲ, ಕಡಿಮೆಯಿಲ್ಲ.
ಬೆಳಗಿನಿಂದ ಅವಳ ಬಾಯಲ್ಲೇ ಇತ್ತು.
ಹದಿಮೂರು ಸಲ ಬೇರೆಯದನ್ನು ಕೊಟ್ಟಿದ್ದಳು.

ಪೆನ್ನು ಕೈಯಲ್ಲಿತ್ತು. ಹಾಳೆಯಲ್ಲಿ ಜಾಗವೂ ಇತ್ತು.
ಚಹಾ ಕುಡಿದೆ.

ಹದಿನಾಲ್ಕನೆಯದಕ್ಕೆ, ಅಪ್ಪಾ, ಓಕೆ ಅಂದೆ.
ಫಿರ್ದೋಸ್ ನನ್ನ ಮುಖ ನೋಡಿದ.
ಅವಳು ಹೆಡ್‌ಫೋನು ತೆಗೆದು, ವಯರು ಸುತ್ತಿ,
ಸ್ಟ್ಯಾಂಡಿಗೆ ತೂಗುಹಾಕಿದಳು, ಹೇಳಿಕೊಡದಿದ್ದರೂ.

ಮಾಟುಂಗದ ಸಭಾಂಗಣದಲ್ಲಿ ಒಂದೇ ಪ್ರದರ್ಶನ.
ಮುಗಿದ ಮೇಲೆ ರಿಟೈರಾದ ಬ್ಯಾಂಕಿನವರೊಬ್ಬರು ಕೈಹಿಡಿದು,
ಎಲ್ಲ ಸರಿ ಮಾರಾಯ್ರೆ,
ಆ ಒಂದು ಕಡೆ ತುಟಿ ಕೂಡಲಿಲ್ಲ, ಅಂದರು.

ಹೌದು, ಅಂದೆ. ಆರು ಫ್ರೇಮು.