ಕಾಲಿಗೆ ಬೇಕಾದ ಮಾತು

ನೈಟ್ ಡ್ಯೂಟಿ ಮುಗಿಸಿ ಬಂದಿದ್ದೇನೆ, ಅಂಗೈಯಲ್ಲಿನ್ನೂ ಗ್ರೀಸು.
ಅರಸೀಕೆರೆ, ರೈಲ್ವೆ ಕಾಲೊನಿಯ ಮೈದಾನ, ಆರೂಕಾಲು.
ಕೊಬ್ಬರಿ ಮಂಡಿಯ ಹಿಂದಿನಿಂದ ಹೊತ್ತು ತಂದ ಕಾಯಿಮಟ್ಟೆ
ಎರಡು ಹೆಜ್ಜೆಗೊಂದರಂತೆ ಸಾಲಾಗಿ ಕೂತಿವೆ.
ಹದಿಮೂರು ಮಕ್ಕಳು, ಐದು ಚೆಂಡು.
ಅದರಲ್ಲೊಂದು ನಿನ್ನೆಯಿಂದ ಉಸಿರು ಬಿಡುತ್ತಿದೆ;
ಅದಕ್ಕೇ ಎಲ್ಲರ ಜಗಳ,
ಇಟ್ಟಲ್ಲಿ ನಿಲ್ಲುತ್ತದಲ್ಲ.

ಮ್ಯಾಚ್ ಆಡೋಣ ಸಾರ್, ಅನ್ನುತ್ತಾನೆ ದಿನವೂ ತಿಪ್ಪೇಶ.
ಮ್ಯಾಚೆಂದರೆ ಅವನಿಗೆ ಜಾಡಿಸಿ ಒದೆಯುವುದು,
ಚೆಂಡು ಹೋಗಿ ಗೂಡ್ಸ್ ಶೆಡ್ಡಿನ ತಗಡಿಗೆ ಬಡಿದು
ಢಣ್ ಅಂದರೆ ಅದೇ ಗೋಲು.
ಮ್ಯಾಚಿಲ್ಲ ಇವತ್ತು.
ಸರದಿಯಲ್ಲಿ ಒಬ್ಬೊಬ್ಬರೇ, ಮಟ್ಟೆಗಳ ನಡುವೆ ಹಾವಿನ ದಾರಿ,
ಬಲಪಾದದ ಒಳಮೈ, ಹೊರಮೈ,
ಆಮೇಲೆ ಆ ಸೋಮಾರಿ ಎಡಗಾಲು.
ಒದೀಬೇಡ್ರೋ, ಅನ್ನುತ್ತೇನೆ.
ಮತ್ತೇನ್ ಮಾಡ್ಲಿ ಸಾರ್?

ಅಲ್ಲೇ ಸಿಕ್ಕಿಬೀಳುತ್ತೇನೆ.
ಒದೆ, ತುಳಿ, ಮೆಟ್ಟು, ಜಾಡಿಸು.
ಕಾಲು ಇನ್ನೊಂದನ್ನು ಮುಟ್ಟುವುದಕ್ಕೆ
ನನ್ನ ಬಾಯಿಗೆ ಬರುವುದೆಲ್ಲ ಜಗಳದ ಪದ.
ಸವರು, ತಡವು, ತಟ್ಟು, ನೇವರಿಸು,
ಇವಿಷ್ಟನ್ನೂ ಕೈ ತನ್ನ ಹೆಸರಿಗೆ ಬರೆಸಿಕೊಂಡಿದೆ
ಯಾವ ಕಾಲದಲ್ಲೋ, ಕಾಲನ್ನು ಕೇಳದೆ.

ಸರಿ, ಕೈಯಿಂದಲೇ ಸಾಲ ತಂದೆ.
ಅಕ್ಕಿರೊಟ್ಟಿ ತಟ್ಟೋ ಹಾಗೆ ಕಣಮ್ಮ, ಅಂದೆ ಜಸಿಂತಾಳಿಗೆ.
ನಮ್ಮನೇಲಿ ಅಪ್ಪ ತಟ್ಟೋದು, ಅಂದಳು.
ಆದರೂ ಅವಳ ಕಾಲ್ಬೆರಳಿಗೆ ಅರ್ಧ ತಿಳಿಯಿತು.
ಇಮ್ದಾದನಿಗೆ ರೊಟ್ಟಿ ಸಾಲಲಿಲ್ಲ.

ನನಗೆ ಗೊತ್ತಿರುವುದು ಒಂದೇ ಕಸುಬು, ಡಬ್ಬಿ ಕೂಡಿಸುವುದು.
ಇಪ್ಪತ್ತೆರಡು ವರ್ಷ ಯಾರ್ಡಿನ ಕತ್ತಲಲ್ಲಿ ದೀಪ ಬೀಸಿದ್ದೇನೆ.
ಇನ್ನು ಹತ್ತಡಿ, ಇನ್ನು ಐದು, ನಿಧಾನ, ನಿಧಾನ.
ಬಫರಿಗೆ ಬಫರು ತಾಗಬೇಕು,
ಒಳಗೆ ಮಲಗಿದವರ ನಿದ್ದೆಗೆ ತಾಗಬಾರದು.
ಬರುವ ಚೆಂಡಿಗೂ ಅಷ್ಟೇ ಕಣೋ ಇಮ್ದಾದ್,
ಗೋಡೆಯ ಹಾಗೆ ಎದುರು ನಿಲ್ಲಬೇಡ.
ತಾಗುವ ಗಳಿಗೆಗೆ ಪಾದ ಒಂದು ಗೇಣು ಹಿಂದೆ ಸರಿಯಲಿ,
ಅದರ ವೇಗವನ್ನಷ್ಟೂ ಕುಡಿದುಬಿಡಲಿ.
ಚೆಂಡು ಸತ್ತು ಬೀಳುವುದೂ ಬೇಡ,
ಕರೆದರೆ ಎದ್ದು ಬರುವಷ್ಟು ದೂರದಲ್ಲಿ ಇರಲಿ.

ಹೀಗೆ, ಅಂತ ತೋರಿಸಲು ಹೋದೆ.
ಮಂಡಿ ಕಟಕ್ಕೆಂದಿತು. ಚೆಂಡು ಚರಂಡಿಗೆ.
ಹದಿಮೂರು ನಗು,
ಮೈಸೂರು ಲೈನಿನ ಸಿಗ್ನಲ್ಲಿನ ಮೇಲಿದ್ದ ಕಾಗೆಯೂ ಎದ್ದು ಹೋಯಿತು.

ರಂಗನಾಯಕಿ ಮಾತ್ರ ನಗಲಿಲ್ಲ.
ಮುತ್ತಜ್ಜಿಯ ಹೆಸರು ಹೊತ್ತ ಹತ್ತು ವರ್ಷದ ಹುಡುಗಿ.
ಸೇರಿದ ಮೊದಲ ವಾರ, ಕಾಲು ಚೆಂಡಿಗೆ ತಾಗಿದಾಗಲೆಲ್ಲ
ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು,
ಪುಸ್ತಕಕ್ಕೋ ಪಕ್ಕದವರಿಗೋ ತಾಗಿಸಿಕೊಂಡವರ ಹಾಗೆ.
ಒಂದು ಸಾಲು ದಾಟುವಷ್ಟರಲ್ಲಿ ಮೂವತ್ತು ನಮಸ್ಕಾರ.
ಇಲ್ಲಿ ಅದು ಬೇಡಮ್ಮ, ಅಂದಿದ್ದೆ,
ಸ್ವಲ್ಪ ಒರಟಾಗಿಯೇ.

ಈಗ ಬಗ್ಗುವುದಿಲ್ಲ ಅವಳು.
ಆದರೆ ಬರಿಗಾಲು ಚೆಂಡನ್ನು ಸೇರುವ ಮುಂಚೆ
ಕೂದಲೆಳೆಯಷ್ಟು ತಡೆಯುತ್ತದೆ,
ತಪ್ಪಾಯ್ತು ಅಂದ ಹಾಗೆ, ಬರಲೇ ಅಂದ ಹಾಗೆ.
ಮಟ್ಟೆಯಿಂದ ಮಟ್ಟೆಗೆ ಚೆಂಡು
ಅವಳ ಪಾದ ಬಿಟ್ಟು ಮೊಳದೂರ ಹೋಗಲಿಲ್ಲ.
ಎರಡು ವರ್ಷದಿಂದ ರೊಟ್ಟಿ, ಡಬ್ಬಿ ಎಂದು
ನಾನು ಒದರುತ್ತಿದ್ದದ್ದು
ನಾನೇ ಬಿಡಿಸಿದ ಅಭ್ಯಾಸದೊಳಗೆ ಕೂತಿತ್ತು.

ಅದಕ್ಕೇನಂತಾರೆ, ನೀನು ಈಗ ಮಾಡಿದ್ದಕ್ಕೆ? ಕೇಳಿದೆ.
ಯಾವುದಕ್ಕೆ ಸಾರ್?
ಕಾಲಲ್ಲಿ ಈಗ ಮಾಡಿದ್ಯಲ್ಲ.
ಗೊತ್ತಿಲ್ಲ. ಉಸಿರಿರೋ ಚೆಂಡು ಕೊಡಿ, ಎಡಗಾಲಲ್ಲಿ ಮಾಡ್ತೀನಿ.

ಚರಂಡಿಯಿಂದ ತೆಗೆದದ್ದನ್ನು ಪ್ಯಾಂಟಿಗೆ ಒರೆಸಿ
ಅವಳತ್ತ ಉರುಳಿಸುವಷ್ಟರಲ್ಲಿ
ಆ ಕಡೆ ತಗಡು ಢಣ್ ಎಂದಿತು.
ತಿಪ್ಪೇಶ.