ಬೊಂದೇಲಿನಲ್ಲಿ ಮೇದಿನಿಯ ಮನೆ

ಕೂಳೂರಿನಲ್ಲಿ ಬಸ್ಸು ಬದಲಿಸಿ ಕಾವೂರು ದಾಟುವ ತನಕ
ಸುಗಂಧಿ ಚಿಕ್ಕಮ್ಮ ಮಾತಾಡಲಿಲ್ಲ.
ಮಡಿಲಲ್ಲಿ ಹಲಸಿನ ಹಪ್ಪಳದ ಕಟ್ಟು.
ಯಾರಿಗೆಂದು ಕೇಳಿದರೆ,
"ಕೈ ಬೀಸಿಕೊಂಡು ಹೋಗುವುದಾ ಒಂದು ಮನೆಗೆ?"

ಐದು ವರ್ಷ, ಸಂಜೆ ಏಳೂವರೆಗೆ,
ತಡ್ಪೆಯನ್ನು ಟೀವಿಗೆ ಎದುರಾಗಿಟ್ಟು
ಅವಳು 'ಮೂರನೇ ಅಡ್ಡರಸ್ತೆ' ನೋಡಿದ್ದು.
ಕತೆ ನಡೆವಾಗ ಎಲೆ ಸುತ್ತುವುದು, ಜಾಹೀರಾತಿಗೆ ನೂಲು ಕಟ್ಟುವುದು,
ಕಂತಿಗೆ ಅರುವತ್ತು ಬೀಡಿ ಲೆಕ್ಕ.
ಮೇದಿನಿಯನ್ನು ಮನೆಯಿಂದ ಹೊರಹಾಕಿದ ವಾರ
ಲೆಕ್ಕ ತಪ್ಪಿ, ಬ್ರಾಂಚಿನವರು ಕೇಳಿದ್ದರು:
"ಎಂತ ಸುಗಂಧಿಯಕ್ಕ, ಜ್ವರವಾ?"
"ನನಗಲ್ಲ" ಅಂದಿದ್ದಳಂತೆ.

ಬೊಂದೇಲ್ ಇಗರ್ಜಿಯ ಸ್ಟಾಪಿನಿಂದ ಎಡಕ್ಕೆ, ಇಳಿಜಾರು.
ಮೊದಲು ಸಿಕ್ಕಿದ್ದು ಪೊಲೀಸ್ ಸ್ಟೇಷನ್ನು; ಅದೀಗ ಕೋಳಿ ಅಂಗಡಿ.
ಯಾವಾಗಲೂ ಕೋಳಿ ಅಂಗಡಿಯೇ, ಬೋರ್ಡು ಮಾತ್ರ ಬದಲಾಗುತ್ತಿತ್ತು.
ಮೇದಿನಿ ಬಸ್ಸಿಗೆ ಕಾದ ತಂಗುದಾಣ
ಯಾರೋ ದುಬಾಯಿಯವರ ಕಾರು ಶೆಡ್ಡು.
ಮಾವ ಜಾರಿ ಬಿದ್ದ ಬಾವಿ?
"ಪ್ಲೈವುಡ್ಡಿನದ್ದು, ಲಾರಿಗೆ ಹಾಕಿ ಕೊಂಡುಹೋದರು"
ಅಂದ ಗೂಡಂಗಡಿಯ ಹುಡುಗ, ಸೋಡಾ ಶರಬತ್ತು ಕಲಕುತ್ತ.
ಬಾವಿ ಇದ್ದ ಕಡೆ ಈಗ ಇಂಟರ್‌ಲಾಕು.
ಚಿಕ್ಕಮ್ಮ ಅದನ್ನು ಮೆಟ್ಟದೆ ಸುತ್ತಿಕೊಂಡು ನಡೆದಳು.

"ಅಷ್ಟು ತೆಂಗಿನಮರ ಕಾಣ್ತದೆ ಹಿಂದೆ,
ಒಂದು ದಿನಕ್ಕಾದರೂ ಒಬ್ಬರು ತುಳು ಮಾತಾಡಿದ್ದುಂಟಾ, ಹೇಳು.
ಬಾಗಿಲಿಗೆ ಬಂದವರಿಗೆ 'ಉಲಾಯಿ ಬಲೆ' ಅಂತ ಹೇಳುವವರಿಲ್ಲ.
ಅದಕ್ಕೇ ಅಷ್ಟು ಜಗಳ ಆ ಮನೆಯಲ್ಲಿ."

ಗೇಟು ಅದೇ. ಹಸಿರು, ಸಿಂಹದ ಬಾಯಿಯಲ್ಲಿ ಬಳೆ.
ತೆರೆದವರು ನೈಟಿಯ ಮೇಲೆ ಟವೆಲು ಹಾಕಿದ ಸೆವ್ರಿನಾ ಬಾಯಿ.
ಹೊರಗೇ ನಿಂತು ಫೋಟೊ ತೆಗೆದು ಹೋಗುವವರನ್ನು ಎಷ್ಟೋ ಕಂಡವರು,
ಹಪ್ಪಳ ತಂದವರನ್ನು ಮೊದಲ ಸಲ.
"ಉಲಾಯಿ ಬಲೆ" ಅಂದರು.

ಜಗಲಿ ಇತ್ತು, ಮೆಟ್ಟಿಲು ಇತ್ತು. ಆ ಅಡುಗೆಮನೆ ಇರಲಿಲ್ಲ.
ಮೇದಿನಿ ಒಲೆ ಮುಂದೆ ಅತ್ತದ್ದೆಲ್ಲ ಬೈಕಂಪಾಡಿಯ ಗೋಡಾನಿನಲ್ಲಿ.
ಸೆವ್ರಿನಾ ಬಾಯಿಯ ಅಡುಗೆಮನೆಯಲ್ಲಿ
ಕ್ಯಾಮರಾ ತಿರುಗಲು ಜಾಗವಿಲ್ಲ. ಸದ್ದು ಮಾತ್ರ ಹೊರಗೆ ಕೇಳುತ್ತದೆ.
"ಐದು ವರ್ಷ, ಶೂಟಿಂಗಿದ್ದ ದಿನ ಬೆಳಿಗ್ಗೆ ಒಂಬತ್ತರಿಂದ ಆರು,
ಈ ಮನೆಯಲ್ಲಿ ಕುಕ್ಕರು ಕೂಗಲಿಲ್ಲ, ಮಿಕ್ಸಿ ತಿರುಗಲಿಲ್ಲ.
ನಾಯಿಯನ್ನು ತಂಗಿಯಲ್ಲಿಗೆ ಕಳಿಸಿದೆ, ಅಲ್ಲಿಯೇ ಸತ್ತಿತು.
ಇವರಿಗೆ ಕೆಮ್ಮು. ದಿಂಬಿಗೆ ಮುಖ ಒತ್ತಿ ಕೆಮ್ಮುತ್ತಿದ್ದರು,
ಹೊರಗೆ ಜಗಲಿಯಲ್ಲಿ ನಿಶ್ಚಿತಾರ್ಥ.
ಬಾಡಿಗೆ ಒಳ್ಳೆಯದಿತ್ತು, ಸುಳ್ಳು ಹೇಳಬಾರದು."
ಗೋಡೆಯ ಫೋಟೊದಲ್ಲಿ ಅವರು. ಕೆಳಗೆ ಕೆಂಪು ಬಲ್ಬು.

ಚಿಕ್ಕಮ್ಮನ ಬೆರಳುಗಳು ಮಡಿಲಲ್ಲಿ
ಇಲ್ಲದ ಎಲೆಯೊಂದನ್ನು ಸುತ್ತತೊಡಗಿದವು.

ಮತ್ತೆ ಸೆವ್ರಿನಾ ಬಾಯಿ, ದನಿ ತಗ್ಗಿಸಿ,
"ಕಡೆಗೆ ಎಂತಾಯ್ತು ಆ ಹುಡುಗಿಗೆ?
ನಾನು ಒಂದು ದಿನವೂ ನೋಡಲಿಲ್ಲ.
ಏಳೂವರೆಗೆ ನಮ್ಮಲ್ಲಿ ತೇರ್ಸ."

ಚಿಕ್ಕಮ್ಮ ಎದ್ದಳು. ಮೂರನೇ ಮೆಟ್ಟಿಲು ತೋರಿಸಿ,
"ಇಲ್ಲಿಯೇ ಕೂತು ಅವಳು ಕಾಗದ ಓದಿದ್ದು.
ಆ ಕಿಟಕಿಯಿಂದ ಅತ್ತೆ ನೋಡಿದ್ದು. ಅದು ನಿಮ್ಮ ಯಾವ ಕೋಣೆ?"
"ಇವರು ಮಲಗುತ್ತಿದ್ದದ್ದು."
"ಹಾಂ, ಅದೇ. ಅತ್ತೆ ಕೆಟ್ಟವಳು ಅಂತ ಕಾಣುವುದು ಸುರುವಿಗೆ..."
ಸ್ವಂತ ಮನೆಯ ಮೂಲೆಮೂಲೆಯನ್ನು
ಹಳೆಯಂಗಡಿಯಿಂದ ಬಂದವಳೊಬ್ಬಳು ಪರಿಚಯ ಮಾಡಿಕೊಡುವಾಗ
ಸೆವ್ರಿನಾ ಬಾಯಿ ಟವೆಲಿನ ತುದಿ ಹಿಡಿದು ಹಿಂದೆ ಹಿಂದೆ ನಡೆದರು.
ನಾನು ಫೋನು ತೆಗೆಯಲಿಲ್ಲ.

ಸಾವಿರದ ಚಿಲ್ಲರೆ ಕಂತು. ಮಧ್ಯಾಹ್ನವಾಯಿತು.
ಒಳಗೆ ಕಡ್ಲೆ ಬೇಯಲಿಟ್ಟಿದ್ದರು ಕಾಣಬೇಕು.
ಮೇದಿನಿ ಪೆಟ್ಟಿಗೆ ಹಿಡಿದು ಗೇಟಿಗೆ ವಾಪಸು ಬರುವಾಗ ಸರಿಯಾಗಿ
ಕುಕ್ಕರು ಕೂಗಿತು.
ಸೆವ್ರಿನಾ ಬಾಯಿ ಬೆಚ್ಚಿ
ಬೆರಳನ್ನು ತುಟಿಗೆ ಒಯ್ದರು.

"ಕೂಗಲಿ" ಎಂದಳು ಚಿಕ್ಕಮ್ಮ.
"ಇನ್ನೂ ಎರಡು ಉಂಟಲ್ಲ."